ಕರೆಂಟು ಬಂದಾಗೊಮ್ಮೆ ಮೊದಲಿನಿಂದ

ಮೂಡಲಗಿಯ ಜಿನ್ನವ್ವ ಬೇರೆಯವರ ಗಿಡದ ಕೆಳಗೆ ಬಿದ್ದ ಹುಣಸೆಹಣ್ಣನ್ನೂ ಕೇಳದೆ ಎತ್ತಿದವಳಲ್ಲ. ಸಂತೆಯಲ್ಲಿ ಮೆಣಸಿನಕಾಯಿ ಕೊಂಡಾಗ ಮಾರುವವಳು ತಾನಾಗಿ ಒಂದು ಹಿಡಿ ಕೊತ್ತಂಬರಿ ಚೀಲಕ್ಕೆ ಒಗೆದರೂ, "ಯವ್ವಾ, ಇದನ್ನ ನೀನ ಕೊಟ್ಟಿ ಹೌದಲ್ಲ?" ಎಂದು ಕೇಳಿ, ಆಕೆ ಹೂಂ ಎಂದ ಮೇಲೆಯೇ ಮುಂದಕ್ಕೆ ಹೋಗುವವಳು. ಸಂತೆಯವರು "ಬಂದಳು ನೋಡ್ರಿ ಕೇಳೂ ಮುದುಕಿ" ಎಂದು ನಗುತ್ತಿದ್ದರು. ಆಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜೈನರ ವ್ರತಗಳಲ್ಲಿ ಅದೂ ಒಂದು. ಕೊಡದೆ ಇದ್ದದ್ದನ್ನು ಮುಟ್ಟಬಾರದು.

ಅಂಥವಳ ಮಗ ಗೊಮ್ಮಟೇಶ. ಬಸ್‌ಸ್ಟ್ಯಾಂಡಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ, ಬಳೆ ಅಂಗಡಿಯ ಬಾಜೂಕ್ಕೆ ಅವನದೊಂದು ಕ್ಯಾಸೆಟ್ಟಿನ ಅಂಗಡಿ. ಮೆತ್ತನೆಯ ಮಾತು, ಇಸ್ತ್ರಿ ಮುರಿಯದ ಬಿಳಿ ಅಂಗಿ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು ಸಂಜೆ ಅರ್ಧ ಬಾಗಿಲು ಎಳೆದು ಮನೆಗೆ ಓಡುವವನು, ಉಂಡು ಬಂದು ಮತ್ತೆ ತೆರೆಯುವವನು. ಬಸದಿಯ ಪೂಜೆಯ ಹಾಡು, ಡೊಳ್ಳಿನ ಹಾಡು, ಭಜನೆ, ಸೋಬಾನ, ಏನು ಕೇಳಿದರೂ ಅವನಲ್ಲಿ ಸಿಗುತ್ತಿತ್ತು. ಜನ ತಾವೇ ಕ್ಯಾಸೆಟ್ ತಂದು ಕೊಟ್ಟು "ಇದರ ಹಂಗ ಇನ್ನೊಂದ ತುಂಬಿ ಕೊಡ್ರಿ" ಎನ್ನುತ್ತಿದ್ದರು. ಕೈಯಿಂದ ಕೈಗೆ ಕೊಟ್ಟದ್ದು. ಅದರಲ್ಲಿ ಅವನಿಗೆ ಯಾವ ಅಳುಕೂ ಇರಲಿಲ್ಲ.

ಎರಡು ಸಾವಿರದ ಆರು, ಏಳರ ಹೊತ್ತಿಗೆ ಕ್ಯಾಸೆಟ್ಟನ್ನು ಕೇಳುವವರೇ ಇಲ್ಲದಂತಾಯಿತು. ರೀಲು ಗಾಜಿನ ಕಪಾಟಿನೊಳಗೇ ಜೋತುಬಿತ್ತು. ಎಲ್ಲರ ಮನೆಯಲ್ಲೂ ಸಿಡಿ ಪ್ಲೇಯರ್. ಗೊಮ್ಮಟೇಶನೂ ಒಂದು ಕಂಪ್ಯೂಟರ್ ತಂದ, ಟೆಲಿಫೋನ್ ಆಫೀಸಿಗೆ ತಿರುಗಿ ತಿರುಗಿ ಇಂಟರ್ನೆಟ್ ಹಾಕಿಸಿದ. ಆದರೆ ಸಿಡಿಗೆ ತುಂಬಲು ಹಾಡು ಬೇಕಲ್ಲ? ಸಿನಿಮಾದ ಹಾಡು ಎಲ್ಲ ಅಂಗಡಿಯಲ್ಲೂ ಇದ್ದವು. ಅವನ ಗಿರಾಕಿಗಳೆಂದರೆ ಹಳ್ಳಿಯ ಹೆಂಗಸರು. ಅವರು ಕೇಳುತ್ತಿದ್ದದ್ದು ಬೀಸುವ ಹಾಡು, ಕುಟ್ಟುವ ಹಾಡು, ತೊಟ್ಟಿಲ ಹಾಡು.

ಆಗ ನೆರವಿಗೆ ಬಂದವನು ಹೆಂಡತಿಯ ತಮ್ಮ ಧನ್ಯಕುಮಾರ. ಗೋಕಾಕದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಗೃಹಸ್ಥ. ಬಂದಾಗೆಲ್ಲ ಕರದಂಟಿನ ಪೊಟ್ಟಣ, ಜೊತೆಗೆ ಒಂದಿಷ್ಟು ಚೇಷ್ಟೆ.

"ಮಾಮಾ, ನೀವು ಇಲ್ಲಿ ಹಾಡ ಇಲ್ಲಂತ ಅಳ್ಕೊಂತ ಕುಂತೀರಿ. ಹುಕ್ಕೇರ್ಯಾಗ ಒಬ್ಬ ರಿಟೈರ್ ಮಾಸ್ತರ ಅದಾನ, ಬಸವಲಿಂಗ ಮಾಸ್ತರ ಅಂತ. ಊರೂರು ತಿರುಗಿ ಮುದುಕ್ಯಾರ ಮುಂದ ಟೇಪ್ ಹಿಡದು ಹಾಡ ತುಂಬ್ಯಾನ. ಎಲ್ಲಾ ಇಂಟರ್ನೆಟ್ಟಿನಾಗ ಇಟ್ಟಾನ. ಯಾರ ಬೇಕಾದ್ರೂ ಕೇಳಬಹುದು."

ಇಬ್ಬರೂ ನೋಡಿದರು. ನೂರಾರು ಹಾಡು. ಒಂದೊಂದಕ್ಕೂ ಒಂದು ಅಂಕಿ, ಹಾಡಿದವಳ ಹೆಸರು, ಊರು. ಮೊದಲನೆಯದು ಉದ್ದವ್ವ, ಹುಕ್ಕೇರಿ. ಗೊಮ್ಮಟೇಶನಿಗೆ ಕೊಪ್ಪರಿಗೆ ಬಂಗಾರ ಸಿಕ್ಕಂತಾಯಿತು. ಆದರೆ ಒಂದೊಂದನ್ನೇ ಒತ್ತಿ, ಇಳಿಯುವವರೆಗೂ ಕಾದು, ಮತ್ತೊಂದನ್ನು ಒತ್ತಬೇಕೆಂದರೆ ಅಂಗಡಿ ನಡೆಸುವವರು ಯಾರು?

"ಅದಕ್ಕ ನೀವ್ಯಾಕ ಕೂಡಬೇಕ್ರಿ?" ಎಂದ ಧನ್ಯಕುಮಾರ. ಚಹಾ ಕುಡಿಯುತ್ತಲೇ ಕೆಲವೇ ಸಾಲಿನದೊಂದು ಸ್ಕ್ರಿಪ್ಟು ಬರೆದ. ಸ್ಕ್ರಿಪ್ಟೆಂದರೆ ಕಂಪ್ಯೂಟರಿಗೆ ಹೇಳಿಟ್ಟ ಕೆಲಸ, ಆಳುಮಗನಿಗೆ ಹೇಳಿದ ಹಾಗೆ. ಒಂದನೆಯ ಹಾಡು ತಾ, ಇಡು. ಎರಡನೆಯದು ತಾ, ಇಡು. ಹಾಗೆಯೇ ಕೊನೆಯವರೆಗೆ. "ಈ ಆಳು ಚಹಾ ಕೇಳೂದಿಲ್ಲ, ತಂಬಾಕ ಕೇಳೂದಿಲ್ಲ" ಎಂದು ನಕ್ಕ.

ಅದು ಬೇಸಿಗೆ. ಮೂಡಲಗಿಯಲ್ಲಿ ಕರೆಂಟು ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. ಹೋದಾಗೊಮ್ಮೆ ಕಂಪ್ಯೂಟರ್ ಕಣ್ಣು ಮುಚ್ಚುವುದು, ಕೆಲಸ ಅಲ್ಲಿಗೇ ನಿಲ್ಲುವುದು. ಗೊಮ್ಮಟೇಶ ಗೋಕಾಕಕ್ಕೆ ಫೋನು ಹಚ್ಚಿ ಕೇಳಿದ. ಕರೆಂಟು ಬಂದೊಡನೆ ಯಂತ್ರ ತಾನಾಗಿ ಎದ್ದು, ಎದ್ದೊಡನೆ ಸ್ಕ್ರಿಪ್ಟು ತಾನಾಗಿ ಹೊರಡುವಂತೆ ಹೇಗೆ ಮಾಡುವುದೆಂದು ಧನ್ಯಕುಮಾರ ಫೋನಿನಲ್ಲಿಯೇ ಹೇಳಿಕೊಟ್ಟ. ಹೇಳಿದವನು ಯೋಚಿಸಲಿಲ್ಲ, ಕೇಳಿದವನಿಗೆ ತಿಳಿಯಲಿಲ್ಲ. ಆಳು ಎದ್ದು ಹೊರಡುತ್ತಿದ್ದ, ಖರೆ. ಆದರೆ ನಿನ್ನೆ ಎಲ್ಲಿಗೆ ಬಿಟ್ಟಿದ್ದೆನೆಂಬ ನೆನಪು ಅವನಿಗೆ ಇರಲಿಲ್ಲ. ಕರೆಂಟು ಬಂದಾಗೊಮ್ಮೆ ಒಂದನೆಯ ಹಾಡಿನಿಂದಲೇ ಶುರು.

ಹೀಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಹುಕ್ಕೇರಿಯ ಉದ್ದವ್ವನ ಹಾಡು ಮೂಡಲಗಿಗೆ ಬಂದು ಬಂದು ಬಿತ್ತು. ಅದೇ ಹೆಸರಿನದು ಇನ್ನೊಂದು ಇದ್ದರೆ ಬಾಲಕ್ಕೆ ಒಂದು ಅಂಕಿ ಹಚ್ಚಿ ಬೇರೆ ಮಾಡಿ ಇಡುತ್ತಿತ್ತು ಯಂತ್ರ. ಗೊಮ್ಮಟೇಶ ಗಿರಾಕಿಗಳ ಗದ್ದಲದಲ್ಲಿ ಒಮ್ಮೊಮ್ಮೆ ಇಣುಕಿ ನೋಡುವನು. ರಾಶಿ ಬೆಳೆಯುತ್ತಿತ್ತು. ಕಣದಲ್ಲಿ ಜೋಳದ ರಾಶಿ ಬೆಳೆದಷ್ಟು ಖುಷಿ ಅವನಿಗೆ. ಕಾಳು ಕೈಯಲ್ಲಿ ಹಿಡಿದು ನೋಡಲಿಲ್ಲ. ಮೊದಲ ದಿನ ಇಳಿದ ಒಂದಿಷ್ಟು ಹಾಡು ಆರಿಸಿ ಸಿಡಿ ಮಾಡಿ, ಮುಖಪುಟಕ್ಕೆ ಬೀಸುಕಲ್ಲಿನ ಚಿತ್ರ ಹಚ್ಚಿದ. ಕಲ್ಲೋಳಿ, ಅಂಕಲಗಿಯ ಹೆಂಗಸರು ಕೇಳಿ ಒಯ್ದರು.

ಮನೆಯಲ್ಲಿಯೂ ಒಂದು ಸಿಡಿ ಹಚ್ಚಿದ. ಜಿನ್ನವ್ವ ಗೋಡೆಗೆ ಒರಗಿ ಕೇಳಿದಳು.

"ಚಲೋ ಅದಾವೋ ಹಾಡು. ಯಾರ ಕೊಟ್ಟರು?"

"ಇಂಟರ್ನೆಟ್ಟಿನಾಗ ಇದ್ದೂವವ್ವಾ."

"ಅದಿರಲಿ. ಇಟ್ಟಾವ ಒಬ್ಬ ಇರಬೇಕಲ್ಲ? ಅವನ್ನ ಕೇಳಿದೇನು?"

"ಎಲ್ಲಾರೂ ಕೇಳ್ಲಿ ಅಂತನ ಇಟ್ಟಾನ."

"ಕೇಳ್ಲಿ ಅಂತ ಇಟ್ಟಾನ. ಹೊತ್ಕೊಂಡ ಹೋಗ್ಲಿ ಅಂತ ಇಟ್ಟಾನೇನು?"

"ಬಾವಿ ನೀರ ಇದ್ದಂಗವ್ವಾ ಅದು. ತುಂಬಿದಷ್ಟೂ ಬರತೈತಿ" ಎಂದು ಗೊಮ್ಮಟೇಶ ಎದ್ದು ಹೋದ. ಬಾವಿಗೂ ತಳವಿರುತ್ತದೆಂಬುದು ಅವನಿಗೆ ಆಗ ಹೊಳೆಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಇಳಿದು ಬಂದ ಹಾಡುಗಳಲ್ಲಿ ದನಿಯೇ ಇರಲಿಲ್ಲ. ಬಸವಲಿಂಗ ಮಾಸ್ತರರ ಇಂಟರ್ನೆಟ್ಟಿನ ಜಾಗವನ್ನು ತೆರೆದರೆ ಇಂಗ್ಲಿಷಿನಲ್ಲಿ ಒಂದು ಸಾಲು ಬಿಟ್ಟರೆ ಬರೀ ಬಿಳಿ ಪುಟ. ಏನೋ ಕೆಟ್ಟಿರಬೇಕೆಂದು ಗೊಮ್ಮಟೇಶ ಸ್ಕ್ರಿಪ್ಟು ನಿಲ್ಲಿಸಿ ಸುಮ್ಮನಾದ.

ಮಾರನೆಯ ದಿನವೇ ಇರಬೇಕು, ಕಲ್ಲೋಳಿಯ ಶೈಲಾ ಅಂಗಡಿಗೆ ಬಂದಳು. ಟೆಂಪೋದಿಂದ ಇಳಿದು ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಕಂಕುಳಲ್ಲಿ ಲಗ್ನಪತ್ರಿಕೆಗಳ ಚೀಲ. ತವರು ಕಣಗಲಾ. ಮಗಳು ಅಕ್ಕವ್ವನ ಮದುವೆ ಮುಂದಿತ್ತು. ಕೂರುವ ಮೊದಲೇ ಮಾತು ಶುರುವಾಯಿತು.

"ಅಣ್ಣಾರ, ನಮ್ಮವ್ವನ ಹಾಡ ನಿಮ್ಮ ಕಡೆ ಐತೇನ್ರಿ? ಬಾಳವ್ವ ಅಂತ, ಕಣಗಲಾದಾಕಿ. ತೀರ್ಕೊಂಡು ಭಾಳ ದಿನ ಆತು."

"ಯಾವ ಹಾಡ್ರಿ ಅಕ್ಕಾರ?"

"ಅರಿಷಿಣ ಬೀಸೂ ಹಾಡು. ನಮ್ಮ ಅಕ್ಕವ್ವ ಸಣ್ಣಾಕಿದ್ದಾಗ ಹುಕ್ಕೇರಿ ಮಾಸ್ತರ ಟೇಪ್ ಹಿಡ್ಕೊಂಡ ಬಂದಿದ್ದರು. ನಮ್ಮವ್ವ ಅಕ್ಕವ್ವನ್ನ ತೊಡಿ ಮ್ಯಾಲ ಕುಂದ್ರಸ್ಕೊಂಡು, 'ನಿನ್ನ ಮದವಿಗೆ ನಾ ಇರತೇನೋ ಇಲ್ಲೋ, ಈಗ ಹಾಡಿ ಇಡತೇನಿ ತಗೋ' ಅಂತ ಆಕಿ ಹೆಸರ ಹಾಕಿ ಹಾಡ್ಯಾಳ್ರಿ. ಮದುಮಗಳ ಹೆಸರ ಬರೂ ಕಡೆಗೆಲ್ಲಾ ಅಕ್ಕವ್ವ, ಅಕ್ಕವ್ವ. ಅರಿಷಿಣ ಬೀಸೂ ದಿನ ಅದನ್ನ ಹಚ್ಚಿ ಬೀಸಬೇಕಂತ ನಮ್ಮ ಮಗಳು ಎಷ್ಟ ವರ್ಷದಿಂದ ಹೇಳ್ಕೊಂತ ಬಂದಾಳ."

"ಮಾಸ್ತರ ಕಡೆ ಟೇಪ್ ಇರಬೇಕಲ್ರಿ?"

"ಅವರು ನಾಗಪುರದಾಗ ಮಗಳ ಮನ್ಯಾಗ ಅದಾರ. ಇಲ್ಲಿ ಮನಿಗೆ ಕೀಲಿ. ಫೋನ್ ಹಚ್ಚಿದ್ದೆ. ಇಂಟರ್ನೆಟ್ಟಿನಾಗ ಐತಲ್ಲವ್ವಾ, ತಗೋ ಅಂದ್ರು. ಹುಕ್ಕೇರಿ ಸೈಬರಿಗೆ ಹೋದ್ರ ಬಂದ್ ಆಗೇತಿ. ಮತ್ತ ಫೋನ್ ಹಚ್ಚಿದ್ರ, ಆ ಜಾಗದಿಂದ ತಿಂಗಳಿಗೆ ಇಷ್ಟ ಇಳಿಸ್ಕೋಬೇಕಂತ ಅಳತಿ ಇರತೈತಂತ್ರಿ, ಯಾರೋ ಎಲ್ಲಾ ಖಾಲಿ ಮಾಡ್ಯಾರಂತ. ಮುಂದಿನ ತಿಂಗಳದ ತನಕ ತಗಿಯೂದಿಲ್ಲಂತ. ಮದವಿ ಈ ತಿಂಗಳ! ನಿಮ್ಮ ಸಿಡ್ಯಾಗ ಮಾಸ್ತರ ಹಾಡ ಅದಾವಂತ ನಮ್ಮ ನೆಗೆಣ್ಣಿ ಹೇಳಿದಳು. ಅದಕ್ಕ ಓಡಿ ಬಂದೆ."

"ಯಾರೋ" ಎಂಬ ಮಾತು ಗೊಮ್ಮಟೇಶನ ಕಿವಿಯಲ್ಲಿ ನಿಂತಿತು. ಆದರೂ ಧೈರ್ಯದಿಂದ ಕಂಪ್ಯೂಟರಿನ ಕಡೆ ತಿರುಗಿದ. ರಾಶಿ ರಾಶಿ ಇದೆಯಲ್ಲ, ಬಾಳವ್ವನದೂ ಇದ್ದೇ ಇರಬೇಕು. ಹುಡುಕಿದ. ಉದ್ದವ್ವ. ಉದ್ದವ್ವ. ಉದ್ದವ್ವ. ಕೆಳಗೆ ಸರಿಸಿದ. ಮತ್ತೊಬ್ಬಳು, ಮತ್ತೆ ಅವಳೇ, ಮತ್ತೆ ಅವಳೇ. ಮೊದಲಿನ ಒಂದಿಷ್ಟು ಹಾಡುಗಳೇ ಬಾಲದ ಅಂಕಿ ಬದಲಿಸಿಕೊಂಡು ಸಾಲಾಗಿ ನಿಂತಿದ್ದವು. ಕಣಗಲಾದ ಹಾಡು ಮಾಸ್ತರರ ಪಟ್ಟಿಯ ಕೊನೆಯಲ್ಲಿ. ಅಲ್ಲಿಯವರೆಗೆ ಅವನ ಆಳು ಒಮ್ಮೆಯೂ ಹೋಗಿರಲಿಲ್ಲ. ಅರ್ಧ ದಾರಿಗೆ ಕರೆಂಟು ಹೋಗಿ, ತಿರುಗಿ ಬಂದಾಗೊಮ್ಮೆ ಮೊದಲಿನ ಮನೆಯ ಬಾಗಿಲನ್ನೇ ಬಡಿದಿದ್ದ. ಹಾಗೆ ಬಡಿದು ಬಡಿದೇ ತಿಂಗಳ ಅಳತೆಯನ್ನೆಲ್ಲ ಮುಗಿಸಿದ್ದ.

ಗೊಮ್ಮಟೇಶ ಮೌಸಿನಿಂದ ಕೈ ತೆಗೆದ. ಹಾಡಿನ ಮೇಲೆ ಹಾಡು ಹೊತ್ತು ತಂದು ಮನೆ ತುಂಬಿಸಿಕೊಂಡಿದ್ದ. ಈ ಹೆಣ್ಣುಮಗಳಿಗೆ ಬೇಕಾದದ್ದೊಂದು ಅದರಲ್ಲಿ ಇರಲಿಲ್ಲ, ಅದು ಅವಳಿಗೆ ಬೇರೆಲ್ಲೂ ಸಿಗದಂತೆಯೂ ಮಾಡಿದ್ದ.

"ಇಲ್ರಿ ಅಕ್ಕಾರ" ಎಂದ.

"ಇಲ್ಲಾ?" ಶೈಲಾ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ತಾನೇ ಅವನನ್ನು ಸಮಾಧಾನ ಮಾಡುವವಳ ಹಾಗೆ, "ಇರಲಿ ಬಿಡ್ರಿ, ನೀವೇನ ಮಾಡ್ತೀರಿ ಪಾಪ. ಇಷ್ಟ ಹುಡುಕಿದ್ರಲ್ಲ, ಅದ ದೊಡ್ಡದು" ಎಂದು ಚೀಲದಿಂದ ಒಂದು ಪತ್ರಿಕೆ ತೆಗೆದು ಅವನ ಹೆಸರು ಕೇಳಿ ಬರೆದು ಕೈಗೆ ಕೊಟ್ಟಳು. "ಮದವಿಗೆ ಬರಾಕ ಬೇಕು. ಅವ್ವನ್ನೂ ಕರಕೊಂಡ ಬರ್ರಿ."

ಅವಳು ಮೆಟ್ಟಿಲಿಳಿಯುವಾಗ ಕೂಗಿ ಹೇಳಬಹುದಿತ್ತು. ಬಾಯಿಗೂ ಬಂದಿತ್ತು. ಬಾಜೂದ ಬಳೆ ಅಂಗಡಿಯವಳು ಇತ್ತ ನೋಡುತ್ತಿದ್ದಳು. ಆಮೇಲೆ ಹೇಳಿದರಾಯಿತೆಂದು ಅವನು ಬಾಯಿ ಮುಚ್ಚಿದ.

ಮದುವೆಗೆ ಹೋಗದಿದ್ದರೆ ಮನಸ್ಸು ಕಚ್ಚುತ್ತದೆ, ಹೋದರೂ ಕಚ್ಚುತ್ತದೆ. ಹೋದ. ಮದುವೆಗಲ್ಲ, ಅರಿಷಿಣ ಬೀಸುವ ದಿನವೇ ಹೋದ, ಅಂಗಡಿಯಲ್ಲಿ ಇದ್ದಬದ್ದ ಸೋಬಾನದ ಸಿಡಿಗಳನ್ನೆಲ್ಲ ಕಟ್ಟಿಕೊಂಡು. ಪಡಸಾಲೆಯಲ್ಲಿ ಬೀಸುಕಲ್ಲಿಗೆ ಸುಣ್ಣ ಕುಂಕುಮ ಹಚ್ಚಿ, ಗೂಟಕ್ಕೆ ಎಲೆ, ಅರಿಷಿಣದ ಬೇರು ಕಟ್ಟಿದ್ದರು. ಐದು ಮಂದಿ ಮುತ್ತೈದೆಯರು ಕೈ ಹಚ್ಚಿದರು. ಅವನು ತಂದ ಸಿಡಿಯಲ್ಲಿ ಯಾವುದೋ ಊರಿನ ಯಾವುದೋ ಹೆಂಗಸು ಯಾವುದೋ ಮದುಮಗಳನ್ನು ಕರೆಯುತ್ತಿದ್ದಳು. ಒಬ್ಬ ಮುದುಕಿ, "ತಗಿರೇ ಅದನ್ನ, ಇದು ಯಾರ ಮನಿ ಮದವಿ?" ಎಂದು ಬೈದಳು. ತೆಗೆದರು. ಯಾರೋ ಎರಡು ನುಡಿ ಹಾಡಿ ಮುಂದಿನದು ನೆನಪಾಗದೆ ನಕ್ಕರು. ಕಲ್ಲು ಮಾತ್ರ ಗರಗರ ತಿರುಗಿತು. ಅಕ್ಕವ್ವ ಹಳದಿ ಸೀರೆಯಲ್ಲಿ ತಲೆ ಬಗ್ಗಿಸಿ ಕುಳಿತಿದ್ದಳು. ಹಳದಿ ಪುಡಿ ಕಣ್ಣಿಗೆ ಹಾರಿತೆಂದು ಒರೆಸಿಕೊಂಡಳು. ಪುಡಿ ಅಷ್ಟು ದೂರ ಹಾರಿರಲಿಲ್ಲ.

ಊಟಕ್ಕೆ ಗೋಧಿ ಬೆಲ್ಲದ ಮಾದಲಿ ಇತ್ತು. ಶೈಲಾ ತಾನೇ ನಿಂತು ಬಡಿಸಿದಳು. "ಉಳ್ಳಾಗಡ್ಡಿ ಹಾಕದ ಪಲ್ಯಾ ನಿಮಗಂತ ಬ್ಯಾರೆ ಮಾಡೇವ್ರಿ ಅಣ್ಣಾರ, ನಾಚಗೋಬ್ಯಾಡ್ರಿ." ಅವನು ಉಂಡ. ಮಾದಲಿಯನ್ನು ಅರ್ಧಕ್ಕೆ ಬಿಟ್ಟು ಎದ್ದ.

ಅಂಗಡಿಗೆ ಬಂದವನೇ ಸ್ಕ್ರಿಪ್ಟನ್ನು ಅಳಿಸಿದ. ಉಳಿದ ಸಿಡಿಗಳನ್ನು ಅಟ್ಟಕ್ಕೆ ಹಾಕಿದ. ಧನ್ಯಕುಮಾರ ಬಂದಾಗ, "ಅದಕ್ಕೇನ ಮಾಮಾ, ಇದ್ದದ್ದನ್ನ ಬಿಟ್ಟು ಮುಂದಿಂದ ತಾ ಅಂತ ಒಂದ ಮಾತ ಸೇರಿಸಿದ್ರ ಆತು. ನನಗ ಹೊಳೀಲಿಲ್ಲ ನೋಡ್ರಿ" ಎಂದು ನಾಲಿಗೆ ಕಚ್ಚಿಕೊಂಡ. ಒಂದು ಮಾತು! ಗೊಮ್ಮಟೇಶ ಅವತ್ತು ಕರದಂಟು ಮುಟ್ಟಲಿಲ್ಲ.

ತಿಂಗಳು ಹೊಸದಾಗುತ್ತಲೇ ಮಾಸ್ತರರ ಹಾಡುಗಳು ಮತ್ತೆ ತೆರೆದುಕೊಂಡವು. ಬಾಳವ್ವನ ಹಾಡನ್ನು ಶೈಲಾ ಹುಕ್ಕೇರಿಗೆ ಹೋಗಿ ತಂದಳೆಂಬ ಸುದ್ದಿಯೂ ಬಂತು. ಆದರೆ ಅಕ್ಕವ್ವ ಆಗಲೇ ಗಂಡನ ಮನೆಯಲ್ಲಿದ್ದಳು.

ಮಳೆಗಾಲದಲ್ಲಿ ಒಂದು ದಿನ ಬಸವಲಿಂಗ ಮಾಸ್ತರರೇ ಕೊಡೆ ಊರುತ್ತ ಅಂಗಡಿಗೆ ಬಂದರು. ಗೊಮ್ಮಟೇಶ ಎದ್ದು ನಿಂತ. ಸಿಡಿ ಮಾಡಿದ್ದಕ್ಕೆ ಬೈಯಲು ಬಂದರೆಂದುಕೊಂಡ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ನೀನಽ ಏನೋ ತಮ್ಮಾ, ನನ್ನ ಹಾಡಿನ ಸಿಡಿ ಮಾಡಿದಾವ? ಶಾಬಾಸ್! ಮಾಡು, ಇನ್ನಷ್ಟ ಮಾಡು. ಮಂದಿ ಕೇಳಾಕತ್ತಾರೋ! ಈ ಬ್ಯಾಸಗ್ಯಾಗ ಏನಾಗೇತಿ ಗೊತ್ತೈತೇನು? ಒಂದ ತಿಂಗಳದ್ದು ಕೆಲವ ದಿನದಾಗ ಖಾಲಿ ಮಾಡ್ಯಾರ! ಇಂಟರ್ನೆಟ್ಟಿನಾಗ ಜಾಗಾ ಕೊಟ್ಟ ಕಂಪನಿಯವರು ಲೆಕ್ಕಾ ಕಳಿಸ್ಯಾರ ನೋಡು. ಎಲ್ಲಾಕ್ಕಿಂತ ಹೆಚ್ಚ ಕೇಳಿದ್ದು ಯಾವ ಹಾಡ ಹೇಳು?"

ಗೊಮ್ಮಟೇಶನಿಗೆ ಗೊತ್ತಿತ್ತು.

"ಮೊದಲನೇದು! ಉದ್ದವ್ವಂದು. ಉದ್ದವ್ವ ಯಾರು? ನಮ್ಮವ್ವ! ಆಕಿ ಹಾಡಾಕ ಹೋದ್ರ ನಮ್ಮಪ್ಪ ಬೈತಿದ್ದ, ಏನ ಕತ್ತಿ ಒದರಿದಂಗ ಒದರ್ತಿ ಅಂತ. ಈಗ ಯಾವ ಯಾವ ದೇಶದವರು ಕುಂತ ಕೇಳ್ಯಾರೋ!" ಮಾಸ್ತರರ ಕಣ್ಣು ತುಂಬಿ ಬಂದಿತ್ತು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು, ಬಳೆ ಅಂಗಡಿಯವಳಿಗೂ ಅದೇ ಸುದ್ದಿ ಹೇಳಿ ಬಸ್ಸು ಹತ್ತಿದರು.

ಭಾದ್ರಪದ ಬಂತು. ದಶಲಕ್ಷಣ ಪರ್ವದ ದಿನಗಳಲ್ಲಿ ಬಸದಿಯಲ್ಲಿ ದಿನಕ್ಕೊಂದು ಧರ್ಮದ ಮಾತು ಹೇಳುತ್ತಿದ್ದರು. ಗೊಮ್ಮಟೇಶ ಕಂಬಕ್ಕೆ ಒರಗಿ ಕೇಳುತ್ತಿದ್ದ. ಪರ್ವ ಮುಗಿದ ಮೇಲೆ ಬರುವುದು ಕ್ಷಮಾವಣಿ. ಅವತ್ತು ಜೈನರು ಒಬ್ಬರಿಗೊಬ್ಬರು ಕೈ ಮುಗಿದು "ಉತ್ತಮ ಕ್ಷಮಾ" ಎನ್ನುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವುದು. ಹೆಚ್ಚಿನವರಿಗೆ ಅದು ಬಾಯಿಪಾಠ. ಅವನಿಗೂ ಹೋದ ವರ್ಷದವರೆಗೆ ಹಾಗೆಯೇ ಇತ್ತು.

ಜಿನ್ನವ್ವ ಮಗನ ಮುಖ ನೋಡಿ ನೋಡಿ ಸಾಕಾಗಿ ಕೇಳಿದಳು. "ಬ್ಯಾಸಗಿಯಿಂದ ನೋಡಾಕತ್ತೇನಿ. ಏನ ನುಂಗಿ ಕುಂತಿ?"

ಹೇಳಿದ. ಆಕೆಗೆ ಸ್ಕ್ರಿಪ್ಟು ಅರ್ಥವಾಗಲಿಲ್ಲ, ಉಳಿದದ್ದೆಲ್ಲ ಅರ್ಥವಾಯಿತು. "ನನ್ನ ಮುಂದ ಹೇಳಿ ಏನ ಮಾಡ್ತಿ? ಯಾರದ ತಗೊಂಡಿ ಅವರ ಮುಂದ ಹೋಗಿ ಹೇಳು" ಎಂದಳು.

ಕ್ಷಮಾವಣಿಯ ದಿನ ಬಸದಿಯಿಂದ ಹೊರಬಂದವನು ಮಧ್ಯಾಹ್ನ ಇಳಿದ ಮೇಲೆ ಲೂನಾ ಹತ್ತಿ ಕಲ್ಲೋಳಿಗೆ ಹೋದ. ಶೈಲಾ ಕಟ್ಟೆಯ ಮೇಲೆ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ಅವನು ಕೈ ಮುಗಿದು "ಉತ್ತಮ ಕ್ಷಮಾ" ಎಂದಾಗ ನಕ್ಕಳು.

"ಬರ್ರಿ ಬರ್ರಿ. ನಿಮ್ಮವರ ಹಬ್ಬ ಅಲ್ಲೇನ್ರಿ ಇವತ್ತು? ಯಾವ ತಪ್ಪಿಗೆ ಕ್ಷಮಾ ಕೊಡ್ಲಿ? ನಮ್ಮ ಮಾದಲಿ ಅರ್ಧಕ್ಕ ಬಿಟ್ಟ ಎದ್ರಲ್ಲ, ಅದಕ್ಕೇನು?"

ಅವನು ನಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದ. ಶೈಲಾ ಮೊದಮೊದಲು ಅವನ ಮುಖ ನೋಡುತ್ತಿದ್ದಳು, ಆಮೇಲೆ ಶೇಂಗಾ ಬುಟ್ಟಿಯನ್ನು ನೋಡಿದಳು. ಅವನು ಮುಗಿಸಿದ ಮೇಲೂ ಅವಳ ಬೆರಳು ಸಿಪ್ಪೆ ಒಡೆಯುತ್ತಲೇ ಇದ್ದವು.

"ಅವತ್ತ ನಾ ಅಂಗಡ್ಯಾಗ ಕುಂತಾಗ ನಿಮಗ ಗೊತ್ತಾಗಿತ್ತೇನ್ರಿ?"

"ಆಗಲೇ ಗೊತ್ತಾತ್ರಿ."

"ಗೊತ್ತಾದ ಮ್ಯಾಲ ಬಂದು ನಮ್ಮ ಮನ್ಯಾಗ ಉಂಡ್ರಿ."

"ಉಂಡೆ."

"ನಮ್ಮ ಹುಡುಗಿ ಅರಿಷಿಣ ಕಣ್ಣಾಗ ಬಿತ್ತಂತ ಸುಳ್ಳ ಹೇಳಿದ್ದನ್ನ ನೋಡ್ಕೊಂತ ಕುಂತ್ರಿ." ಅವಳ ದನಿ ಏರಲಿಲ್ಲ. ಏರಿದ್ದರೆ ತಡೆದುಕೊಳ್ಳಬಹುದಿತ್ತು. "ಹಾಡ ಈಗ ಬೇಕಂದಾಗ ಕೇಳ್ತೇವಿ. ಬೀಸುಕಲ್ಲಿನ ಮುಂದ ಆಕಿ ಮತ್ತ ಕೂಡೂದಿಲ್ಲ."

ಗೊಮ್ಮಟೇಶ ತಲೆ ಎತ್ತದೆ, "ನಾಳಿ ಹುಕ್ಕೇರಿಗೆ ಹೊಂಟೇನ್ರಿ ಅಕ್ಕಾರ. ಮಾಸ್ತರ ಮುಂದೂ ಹೇಳಬೇಕು. ಮೊದಲ ಅವರಿಗೆ ತಪ್ಪ ಮಾಡೇನಿ" ಎಂದ.

ಶೈಲಾಳ ಕೈ ಅಲ್ಲಿಗೆ ನಿಂತಿತು.

"ಹೇಳಬ್ಯಾಡ್ರಿ."

"ಯಾಕ್ರಿ? ಹೇಳಿದ್ರ ನನಗ..."

"ನಿಮ್ಮ ಎದಿ ಹಗರ ಆಗತೈತಿ, ಗೊತ್ತೈತಿ. ಆ ಮುದುಕಂದು? 'ನಮ್ಮವ್ವನ್ನ ದುನಿಯಾ ಎಲ್ಲಾ ಕೇಳೇತಿ' ಅಂತ ಕಂಡವರ ಮುಂದೆಲ್ಲಾ ಹೇಳ್ಕೊಂತ ತಿರಗತಾರ. ಕಂಡಕ್ಟರ್ ಮುಂದೂ ಹೇಳ್ಯಾರ. 'ನಿಮ್ಮವ್ವನ್ನ ಯಾರೂ ಕೇಳಿಲ್ಲೋ ಯಪ್ಪಾ, ಮೂಡಲಗ್ಯಾಗ ಒಂದ ಡಬ್ಬಿ ತನ್ನಷ್ಟಕ್ಕ ತಾ ಇಳಿಸ್ಕೊಂಡೇತಿ' ಅಂತ ಹೇಳ್ತೀರೇನು?" ಅವಳು ಬುಟ್ಟಿ ಸರಿಸಿ ಎದ್ದಳು. "ನನಗ ಹೇಳಿದ್ರಿ, ಕೇಳಿದೆ. ಉಳಿದದ್ದನ್ನ ನೀವ ಹೊರ್ರಿ."

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಒಳಗೆ ಹೋಗುತ್ತ ಆಕಾಶ ನೋಡಿ, "ಹೊತ್ತ ಮುಳಗಾಕತ್ತೇತಿ. ನೀವು ಆಮ್ಯಾಲ ಉಣ್ಣೂದಿಲ್ಲ. ರೊಟ್ಟಿ ಹೆಸರಕಾಳ ಪಲ್ಯಾ ಐತಿ, ಉಂಡ ಹೋಗ್ರಿ" ಎಂದಳು. ಅವನು ಉಂಡ. ಈ ಸಲ ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ಮಾರನೆಯ ದಿನ ಹುಕ್ಕೇರಿಗೆ ಹೋದ. ಹೋಗದೆ ಇರಲಾಗಲಿಲ್ಲ. ಮಾಸ್ತರರು ಅವನನ್ನು ಕಂಡು ಕುರ್ಚಿ ಎಳೆದು ಹಾಕಿದರು. ಅವನು ಕೂರಲಿಲ್ಲ. ಬಗ್ಗಿ ಅವರ ಕಾಲು ಮುಟ್ಟಿ, "ಗೊತ್ತಿದ್ದೂ ಗೊತ್ತಿಲ್ಲದೆನೂ ನಿಮಗ ಮಾಡಿದ್ದಕ್ಕ ಉತ್ತಮ ಕ್ಷಮಾ" ಎಂದ.

"ನೀ ನನಗೇನ ಮಾಡಿಯೋ ಹುಚ್ಚಾ? ಪುಣ್ಯಾ ಮಾಡಿ!" ಎಂದು ಮಾಸ್ತರರು ಅವನ ಬೆನ್ನು ತಟ್ಟಿ ಎಬ್ಬಿಸಿದರು. "ಬಾ, ಕೂಡು. ನಮ್ಮವ್ವನ ಹಾಡ ಕೇಳು. ಪೂರಾ ಕೇಳೀಯೇನು?"

ಪೂರ್ತಿ ಕೇಳಿರಲಿಲ್ಲ. ಅಷ್ಟು ಸಲ ಇಳಿಸಿಕೊಂಡಿದ್ದ, ಸಿಡಿಗೆ ತುಂಬಿದ್ದ, ಕುಳಿತು ಒಮ್ಮೆಯೂ ಕೇಳಿರಲಿಲ್ಲ. ಮಾಸ್ತರರು ತಮ್ಮ ಕಂಪ್ಯೂಟರಿನಲ್ಲಿ ಒಂದನೆಯ ಹಾಡು ಹಚ್ಚಿದರು. ಹಿಂದೆ ಬೀಸುಕಲ್ಲಿನ ಸದ್ದು, ಅದರ ಮೇಲೆ ಒಡಕು ದನಿಯ ಒಬ್ಬ ಮುದುಕಿ. ನಡುವೆ ಎಲ್ಲೋ ಒಂದು ಕೋಳಿ ಕೂಗಿತು. ಮಾಸ್ತರರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು. ಹಾಡು ಎರಡನೆಯ ನುಡಿಗೆ ತಿರುಗುವಷ್ಟರಲ್ಲಿ ಟಪ್ಪೆಂದು ಎಲ್ಲ ನಿಂತಿತು.

"ಹೋತ ನೋಡು ಕರೆಂಟು!" ಎಂದರು ಮಾಸ್ತರರು. ಗೊಮ್ಮಟೇಶ ಎದ್ದು ನಿಂತಿದ್ದ. ಅವರು ಅವನ ತೋಳು ಹಿಡಿದು ಮತ್ತೆ ಕೂರಿಸಿದರು. "ಎಲ್ಲಿಗ ಹೊಂಟಿ? ಕೂಡು. ಬರ್ಲಿ ಕರೆಂಟು, ಮತ್ತ ಮೊದಲಿಂದ ಹಚ್ಚೂನು."

ಅವನು ಕುಳಿತ.